ಸಂಬಳದ ಮಾತು: ಉದ್ಯೋಗಸ್ಥ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಂಪನಿಗಳ ಎಚ್‌ಆರ್ ವಿಭಾಗದಲ್ಲಿ ಕೂತು ಆಫರ್ ಲೆಟರ್‌ಗಳಿಗೆ ಅಂಕಿ ತುಂಬಿಸುವ ಕೆಲಸವನ್ನು ಹಲವು ವರ್ಷ ಮಾಡಿದ್ದೇನೆ. ನೆಂಟರ ಮಕ್ಕಳು, ಹಳೆಯ ಸಹೋದ್ಯೋಗಿಗಳು, ಅವರ ಗೆಳತಿಯರು ಫೋನ್ ಮಾಡಿ ಕೇಳುವುದು ಹೆಚ್ಚೂಕಮ್ಮಿ ಇವೇ ಪ್ರಶ್ನೆಗಳು. ನಾಳೆಯೇ ಎಚ್‌ಆರ್ ಜೊತೆ ಮಾತುಕತೆ ಇರುವವರು ನೇರವಾಗಿ ಐದನೇ ಪ್ರಶ್ನೆಗೆ ಹೋಗಿ, ಉಳಿದದ್ದನ್ನು ಆಮೇಲೆ ಓದಿಕೊಳ್ಳಬಹುದು.

1. ಒಂದೇ ಕೆಲಸಕ್ಕೆ ಹೆಣ್ಣು ಅನ್ನೋ ಕಾರಣಕ್ಕೆ ಕಡಿಮೆ ಸಂಬಳ ಕೊಡುವುದು ಕಾನೂನಿಗೆ ವಿರುದ್ಧ ಅಲ್ಲವೇ?

ವಿರುದ್ಧವೇ. ಸಂವಿಧಾನದ 39(ಡಿ) ವಿಧಿಯಲ್ಲೇ ಸಮಾನ ಕೆಲಸಕ್ಕೆ ಸಮಾನ ವೇತನದ ಮಾತಿದೆ. 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಮೂರನೇ ಸೆಕ್ಷನ್ ಪ್ರಕಾರ, ಒಂದೇ ಕೆಲಸಕ್ಕಾಗಲಿ ಅದೇ ಸ್ವರೂಪದ ಕೆಲಸಕ್ಕಾಗಲಿ ಲಿಂಗ ನೋಡಿ ವೇತನದಲ್ಲಿ ಭೇದ ಮಾಡುವಂತಿಲ್ಲ. ಮ್ಯಾನೇಜರ್ ಹುದ್ದೆಯಲ್ಲಿರುವವರೂ ಸಂಹಿತೆ ಹೇಳುವ ‘ಉದ್ಯೋಗಿ’ಗಳೇ. ಹಾಗಾಗಿ ‘ಇದೆಲ್ಲ ಫ್ಯಾಕ್ಟರಿ ಕಾರ್ಮಿಕರಿಗೆ, ಸಾಫ್ಟ್‌ವೇರ್‌ನವರಿಗೆ ಅಲ್ಲ’ ಎಂಬ ಮಾತಿಗೆ ಆಧಾರವಿಲ್ಲ.

‘ಅದೇ ಸ್ವರೂಪದ ಕೆಲಸ’ ಎಂಬ ಮಾತಿಗೆ ಎಷ್ಟು ಬಲ ಇದೆ ಎಂದು ತಿಳಿಯಬೇಕಾದರೆ ಮ್ಯಾಕಿನ್ನನ್ ಮೆಕೆಂಜಿ ಕಂಪನಿಯ ವಿರುದ್ಧ ಆಡ್ರಿ ಡಿಕೋಸ್ಟಾ ಗೆದ್ದ ಪ್ರಕರಣ ನೋಡಬೇಕು. ಆಕೆ ಅಲ್ಲಿ ಮೇಲಧಿಕಾರಿಗಳ ಸ್ಟೆನೋಗ್ರಾಫರ್. ಗಂಡಸು ಸ್ಟೆನೋಗಳಿಗೆ ಸಿಗುತ್ತಿದ್ದ ಸಂಬಳ ಆಕೆಗೆ ಸಿಗುತ್ತಿರಲಿಲ್ಲ. ಆಕೆಯ ಹುದ್ದೆಯ ಹೆಸರೇ ಬೇರೆ, ಆ ಹುದ್ದೆಯಲ್ಲಿ ಗಂಡಸರೇ ಇಲ್ಲ, ಹೋಲಿಸುವುದು ಯಾರ ಜೊತೆ ಎಂದು ಕಂಪನಿ ವಾದಿಸಿತು. ಯೂನಿಯನ್ ಒಪ್ಪಿ ಸಹಿ ಮಾಡಿದೆ ಎಂದಿತು, ಕೊನೆಗೆ ಕೊಡಲು ದುಡ್ಡಿಲ್ಲ ಎಂದೂ ಹೇಳಿತು. 1987ರಲ್ಲಿ ಸುಪ್ರೀಂ ಕೋರ್ಟ್ ಒಂದನ್ನೂ ಒಪ್ಪಲಿಲ್ಲ: ಹುದ್ದೆಯ ಹೆಸರು ಏನೇ ಇರಲಿ, ಮಾಡುವ ಕೆಲಸ ನೋಡಬೇಕು, ಕೈ ಬಿಗಿ ಇದೆ ಎಂದು ಈ ಕಾನೂನಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಇಂದಿಗೂ ‘ಅವನದು ಸೀನಿಯರ್ ಅನಲಿಸ್ಟ್, ನಿಮ್ಮದು ಅನಲಿಸ್ಟ್-2’ ಎಂದು ಹೇಳುವ ಎಚ್‌ಆರ್‌ಗಳಿಗೆ ಈ ತೀರ್ಪು ಓದಿಸಬೇಕು.

2. ಕಾನೂನು ಇಷ್ಟು ಸ್ಪಷ್ಟ ಇದ್ದರೆ ಅಂತರ ಎಲ್ಲಿಂದ ಬರುತ್ತದೆ?

ಮೊದಲು ಒಂದು ಗೊಂದಲ ಬಗೆಹರಿಸೋಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ಭಾರತ ವೇತನ ವರದಿಯಂತೆ, ನಮ್ಮಲ್ಲಿ ಗಂಡು-ಹೆಣ್ಣಿನ ವೇತನದ ಅಂತರ 1993-94ರಲ್ಲಿ ಶೇ 48 ಇದ್ದದ್ದು 2011-12ಕ್ಕೆ ಶೇ 34ಕ್ಕೆ ಇಳಿದಿತ್ತು. ಇದು ದೇಶದ ದುಡಿಯುವ ಗಂಡಸರೆಲ್ಲರ ಸರಾಸರಿಯನ್ನು ಹೆಂಗಸರೆಲ್ಲರ ಸರಾಸರಿ ಜೊತೆ ಇಟ್ಟು ನೋಡಿದ ಲೆಕ್ಕ. ಪಕ್ಕದ ಮೇಜಿನವನಿಗಿಂತ ನಿಮಗೆ ಶೇ 34 ಕಡಿಮೆ ಎಂದು ಇದರ ಅರ್ಥವಲ್ಲ. ಹೆಂಗಸರು ಕಡಿಮೆ ಕೂಲಿಯ ಕೆಲಸಗಳಲ್ಲಿ ತುಂಬಿರುವುದು, ಮೇಲಿನ ಹುದ್ದೆಗೆ ಏರದೆ ಉಳಿಯುವುದು ಎಲ್ಲ ಸೇರಿ ಆ ಅಂಕಿ ಆಗಿದೆ.

ಒಂದೇ ಕಚೇರಿಯ ಒಂದೇ ಕೆಲಸದಲ್ಲಿ ಅಂತರ ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಎಕ್ಸೆಲ್ ಶೀಟಿನಲ್ಲಿ ಕಣ್ಣಾರೆ ನೋಡಿದ್ದೇನೆ. ‘ಹೆಣ್ಣು, ಹಾಗಾಗಿ ಕಡಿಮೆ’ ಎಂದು ಯಾರೂ ಬರೆಯುವುದಿಲ್ಲ. ಶೀಟಿನಲ್ಲಿ ಒಂದು ಕಾಲಂ ಇರುತ್ತದೆ: ಈಗಿನ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಅದರ ಮೇಲೆ ಶೇ 25 ಅಥವಾ 30 ಸೇರಿಸಿದರೆ ಹೊಸ ಸಂಬಳ. ಇಷ್ಟೇ ಸೂತ್ರ. ಮೊದಲ ಕೆಲಸದಲ್ಲಿ ಯಾರಿಗೆ ಕಡಿಮೆ ಸಿಕ್ಕಿತ್ತೋ, ಹೆರಿಗೆಯ ವರ್ಷ ಯಾರಿಗೆ ಹೈಕ್ ತಪ್ಪಿತ್ತೋ, ಗಂಡನಿಗೆ ವರ್ಗವಾಯಿತೆಂದು ಯಾರು ಸಿಕ್ಕಿದ ಕೆಲಸ ಹಿಡಿದಿದ್ದರೋ, ಅವರ ಆ ಹಳೆಯ ಕೊರತೆ ಪ್ರತಿ ಹೊಸ ಕಂಪನಿಗೂ ಹಿಂದೆಯೇ ಬರುತ್ತದೆ.

ಲೆಕ್ಕ ಹಾಕಿ ನೋಡಿ. ಒಬ್ಬ 6 ಲಕ್ಷಕ್ಕೆ ಸೇರಿದ, ಒಬ್ಬಳು 5.4 ಲಕ್ಷಕ್ಕೆ. ಇಬ್ಬರಿಗೂ ಪ್ರತಿ ವರ್ಷ ಅದೇ ಶೇ 10 ಹೈಕ್, ಒಂದು ಪೈಸೆ ತಾರತಮ್ಯವಿಲ್ಲ. ಹತ್ತು ವರ್ಷ ಕಳೆದ ಮೇಲೆ ಅವನದು ಸುಮಾರು 15.56 ಲಕ್ಷ, ಅವಳದು 14 ಲಕ್ಷ. ವರ್ಷಕ್ಕೆ 60 ಸಾವಿರ ಇದ್ದ ವ್ಯತ್ಯಾಸ ಒಂದೂವರೆ ಲಕ್ಷ ದಾಟಿದೆ. ಆ ಹತ್ತು ವರ್ಷದಲ್ಲಿ ಅವಳ ಕೈತಪ್ಪಿದ್ದು ಒಟ್ಟು ಒಂಬತ್ತೂವರೆ ಲಕ್ಷ. ಪಿಎಫ್ ಮೇಲಿನ ಪರಿಣಾಮ ಬೇರೆ.

3. ಹೆಂಗಸರು ಕೇಳುವುದೇ ಇಲ್ಲ, ಅದಕ್ಕೇ ಸಿಗುವುದಿಲ್ಲ ಅಂತಾರೆ. ನಿಜವೇ?

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಗಂಡಸಿನದು. ಅದೇ ದನಿಯಲ್ಲಿ ಹೆಣ್ಣು ಕೇಳಿದರೆ ಬಾಯಿಬಡುಕಿ. ಇದು ಬರೀ ನಮ್ಮ ಅನುಭವವಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗಗಳಲ್ಲಿ, ಹೆಚ್ಚು ಸಂಬಳ ಕೇಳಿದ ಹೆಂಗಸರ ಜೊತೆ ಕೆಲಸ ಮಾಡಲು ಜನ ಹಿಂಜರಿದರು. ಅದೇ ಮಾತು ಕೇಳಿದ ಗಂಡಸರಿಗೆ ಅಷ್ಟು ಪೆಟ್ಟು ಬೀಳಲಿಲ್ಲ. ಆಸ್ಟ್ರೇಲಿಯಾದ ಉದ್ಯೋಗಿಗಳ ಅಂಕಿಅಂಶ ನೋಡಿದ ಮತ್ತೊಂದು ಅಧ್ಯಯನ, ಹೆಂಗಸರೂ ಗಂಡಸರಷ್ಟೇ ಕೇಳುತ್ತಾರೆ, ಸಿಗುವುದು ಮಾತ್ರ ಕಡಿಮೆ ಎಂದು ತೋರಿಸಿತು.

ನನಗೆ ಹೆಚ್ಚು ಉಪಯುಕ್ತ ಅನಿಸಿದ್ದು ಇನ್ನೊಂದು ಪ್ರಯೋಗ. ಅಮೆರಿಕದಲ್ಲಿ ನಿಜವಾದ ಕೆಲಸದ ಜಾಹೀರಾತುಗಳನ್ನು ಎರಡು ರೀತಿಯಲ್ಲಿ ಹಾಕಿದರು. ಒಂದರಲ್ಲಿ ಸಂಬಳದ ಚೌಕಾಸಿ ಬಗ್ಗೆ ಏನೂ ಇಲ್ಲ, ಇನ್ನೊಂದರಲ್ಲಿ ‘ಸಂಬಳ ಮಾತಾಡಿ ನಿರ್ಧರಿಸಬಹುದು’ ಎಂಬ ಸಾಲು. ಮೊದಲನೆಯದರಲ್ಲಿ ಗಂಡಸರೇ ಹೆಚ್ಚು ಕೇಳಿದರು. ಆ ಒಂದು ಸಾಲು ಸೇರಿಸಿದಾಗ ವ್ಯತ್ಯಾಸವೇ ಮಾಯ. ನಿಯಮ ಬರೆದಿಟ್ಟ ಕಡೆ ಹೆಣ್ಣುಮಕ್ಕಳ ಬಾಯಿಗೆ ಯಾವ ತೊಂದರೆಯೂ ಇಲ್ಲ. ಹಾಗಾಗಿ ಆತ್ಮವಿಶ್ವಾಸ ಹೆಚ್ಚಿಸುವ ಮಹಿಳಾ ದಿನದ ಕಾರ್ಯಾಗಾರಗಳನ್ನು ಕಂಡರೆ ನನಗೆ ಸ್ವಲ್ಪ ಅಲರ್ಜಿ. ಆ ಮಧ್ಯಾಹ್ನ ಬ್ಯಾಂಡ್ ಪಟ್ಟಿಯನ್ನು, ಅಂದರೆ ಯಾವ ಹುದ್ದೆಗೆ ಎಷ್ಟರಿಂದ ಎಷ್ಟು ಸಂಬಳ ಎಂಬುದನ್ನು, ಗೋಡೆಗೆ ಅಂಟಿಸಿದ್ದರೆ ಇನ್ನೂ ಹೆಚ್ಚು ಕೆಲಸವಾಗುತ್ತಿತ್ತು.

ಆದರೂ ಕೇಳಬೇಕು. ಕೇಳದಿದ್ದರೆ ಸಿಗದು ಎಂಬ ಅರ್ಧ ಮಾತಂತೂ ನಿಜ.

4. ಈಗಿನ ಸಿಟಿಸಿ ಎಷ್ಟು ಎಂದು ಮೊದಲ ಫೋನಿನಲ್ಲೇ ಕೇಳುತ್ತಾರೆ. ಸುಳ್ಳು ಹೇಳಬಹುದೇ?

ಬೇಡ. ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ, ಫಾರಂ 16 ಕೇಳುತ್ತಾರೆ, ಪಿಎಫ್ ಪಾಸ್‌ಬುಕ್ ಇದೆ. ಸಿಕ್ಕಿಬಿದ್ದರೆ ಸೇರಿದ ಮೇಲೂ ಕೆಲಸ ಹೋಗುತ್ತದೆ. ಹಳೆಯ ಸಂಬಳ ಕೇಳಬಾರದು ಎಂಬ ನಿಯಮ ನಮ್ಮಲ್ಲಿಲ್ಲ. ನೀವು ಮಾಡಬಹುದಾದದ್ದು ಆ ಅಂಕಿ ಒಂಟಿಯಾಗಿ ಹೋಗದಂತೆ ನೋಡಿಕೊಳ್ಳುವುದು. ‘ಈಗ 11 ಇದೆ, ಆದರೆ ಅದು ಬೇರೆ ಜವಾಬ್ದಾರಿಗೆ ಕೊಟ್ಟದ್ದು. ಈ ಹುದ್ದೆಗೆ ನನ್ನ ನಿರೀಕ್ಷೆ 18ರಿಂದ 20’ ಎಂದು ಒಂದೇ ಉಸಿರಿನಲ್ಲಿ ಹೇಳಿ. ಅರ್ಜಿಯ ಫಾರಂನಲ್ಲಿ ನಿರೀಕ್ಷಿತ ಸಂಬಳದ ಜಾಗವನ್ನು ‘ಕಂಪನಿ ನಿಯಮದಂತೆ’ ಎಂದು ತುಂಬಬೇಡಿ. ಹಾಗೆ ಬರೆದವರಿಗೆ ಸೂತ್ರದ ಪ್ರಕಾರವೇ ಬರುತ್ತದೆ.

5. ಎಚ್‌ಆರ್ ಜೊತೆ ಮಾತು ಹೇಗೆ ಆಡಬೇಕು?

ಸಾಮಾನ್ಯವಾಗಿ ನಡೆಯುವುದು ಹೀಗೆ. ಅಂಕಿಗಳು ಉದಾಹರಣೆಗೆ ಮಾತ್ರ.

“ಮೇಡಂ, ನಿಮಗೀಗ 11 ಇದೆ. ನಾವು 14 ಕೊಡ್ತಾ ಇದೀವಿ. ಹತ್ತಿರ ಹತ್ತಿರ 27 ಪರ್ಸೆಂಟ್ ಹೈಕ್ ಆಯ್ತು.”

“ಥ್ಯಾಂಕ್ಸ್. ಈ ಹುದ್ದೆಗೆ ಬ್ಯಾಂಡ್ ಎಷ್ಟರಿಂದ ಎಷ್ಟು ಅಂತ ಹೇಳ್ತೀರಾ?”

“ಅದು ಕಾನ್ಫಿಡೆನ್ಷಿಯಲ್ ಮೇಡಂ.”

“ಸರಿ. ನಾನು ವಿಚಾರಿಸಿದ ಪ್ರಕಾರ ಏಳು ವರ್ಷ ಅನುಭವ ಇರೋ ಲೀಡ್‌ಗೆ 17ರಿಂದ 20 ನಡೀತಿದೆ. ನಾನು 18.5 ಫಿಕ್ಸೆಡ್ ನಿರೀಕ್ಷೆ ಮಾಡ್ತಿದೀನಿ.”

“ಅಷ್ಟೊಂದು ಬಜೆಟ್ ಇಲ್ಲ ಮೇಡಂ.”

ಇಲ್ಲಿ ಸುಮ್ಮನಿರಿ. ನಮ್ಮ ಹೆಣ್ಣುಮಕ್ಕಳು ಸೋಲುವ ಜಾಗ ಇದೇ. ಆ ಮೌನ ತಡೆಯಲಾಗದೆ ‘ಪರವಾಗಿಲ್ಲ, 16 ಆದರೂ ಆಗುತ್ತೆ’ ಎಂದುಬಿಡುತ್ತಾರೆ. ಆ ಕಡೆ ಕೂತವರು ಏನೂ ಮಾಡದೆ ಎರಡೂವರೆ ಲಕ್ಷ ಉಳಿಸಿದರು. ಐದಾರು ಸೆಕೆಂಡು ತಡೆದರೆ ಅವರೇ ‘ಮ್ಯಾನೇಜರ್ ಹತ್ರ ಮಾತಾಡಿ ಹೇಳ್ತೀನಿ’ ಅನ್ನುತ್ತಾರೆ.

ಅದು ನೆಪವಲ್ಲ, ನಿಜವಾಗಿಯೂ ಮಾತಾಡಲೇಬೇಕು. ಬ್ಯಾಂಡಿನ ಮಧ್ಯಭಾಗ ದಾಟಿದರೆ ಮೇಲಿನವರ ಒಪ್ಪಿಗೆ ಬೇಕಾಗುತ್ತದೆ. ಒಪ್ಪಿಗೆ ಕೇಳುವವರ ಕೈಗೆ ಸಾಮಗ್ರಿ ಕೊಡಿ: ಫೋನ್ ಮುಗಿದ ಕೂಡಲೇ ಮೂರು ಸಾಲಿನ ಮೇಲ್. ಕೇಳಿದ ಮೊತ್ತ, ಮಾರುಕಟ್ಟೆಯ ದರ, ಆ ತಂಡಕ್ಕೆ ಬೇಕಾದ ನಿಮ್ಮ ಎರಡು ಕೆಲಸ. ನನಗೆ ಹಾಗೆ ಬಂದ ಮೇಲ್‌ಗಳನ್ನು ನಾನು ಹಾಗೆಯೇ ಮೇಲಕ್ಕೆ ಕಳಿಸುತ್ತಿದ್ದೆ. ಮೇಲ್ ಕಳಿಸದವರ ಪರವಾಗಿ ವಾದ ಕಟ್ಟುವಷ್ಟು ಪುರುಸೊತ್ತು ಯಾವ ಎಚ್‌ಆರ್‌ಗೂ ಇರುವುದಿಲ್ಲ.

‘ನನಗೆ ಬೇಕು’ ಎನ್ನುವ ಬದಲು ‘ತಂಡಕ್ಕೆ ಹೀಗೆ ಅನುಕೂಲ’ ಎಂಬ ಧಾಟಿಯಲ್ಲಿ ಕೇಳಿದರೆ ಹೆಂಗಸರಿಗೆ ಪೆಟ್ಟು ಕಡಿಮೆ ಎಂದು ಸಂಶೋಧಕರು ಹೇಳುತ್ತಾರೆ. ಕೆಲಸ ಮಾಡುತ್ತದೆ, ಬಳಸಿ. ಗಂಡಸರಿಗೆ ಈ ನಯ ಬೇಕಿಲ್ಲವಲ್ಲ ಎಂದು ಸಿಟ್ಟು ಬಂದರೆ ಅದೂ ನ್ಯಾಯವೇ.

6. ಮಾರುಕಟ್ಟೆಯ ದರ ಗೊತ್ತಾಗುವುದು ಹೇಗೆ? ಸಹೋದ್ಯೋಗಿಯ ಸಂಬಳ ಕೇಳುವುದು ಅಸಭ್ಯ ಅಲ್ಲವೇ?

ಆಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್ ತರಹದ ತಾಣಗಳು ಅಂದಾಜು ಕೊಡುತ್ತವೆ. ನಿಜವಾದ ಮಾಹಿತಿ ಸಿಗುವುದು ಜನರಿಂದ. ಒಂದು ಎಚ್ಚರಿಕೆ: ಬರೀ ಗೆಳತಿಯರನ್ನು ಕೇಳಬೇಡಿ. ಕಡಿಮೆ ಪಡೆಯುತ್ತಿರುವ ನಾಲ್ವರನ್ನು ಕೇಳಿದರೆ ಕಡಿಮೆಯೇ ಸರಿ ಎಂದು ಕಾಣುತ್ತದೆ. ಜೊತೆಗೆ ಓದಿದ ಹುಡುಗರನ್ನು ಕೇಳಿ. ‘ನಿನಗೆಷ್ಟು’ ಎಂದು ಕೇಳಲು ಸಂಕೋಚವಾದರೆ ‘18 ಕೇಳೋಣ ಅಂತಿದೀನಿ, ಕಡಿಮೆ ಆಯ್ತಾ?’ ಅನ್ನಿ. ಹತ್ತರಲ್ಲಿ ಎಂಟು ಜನ ತಮ್ಮ ಅಂಕಿಯನ್ನು ತಾವೇ ಹೇಳಿಬಿಡುತ್ತಾರೆ.

ಸಂಬಳ ಬಹಿರಂಗ ಮಾಡಬಾರದು ಎಂಬ ಷರತ್ತು ಹಲವು ನೇಮಕಾತಿ ಪತ್ರಗಳಲ್ಲಿರುತ್ತದೆ. ನಿಮ್ಮದರಲ್ಲಿ ಇದೆಯೇ, ಏನೆಂದು ಬರೆದಿದೆ, ಓದಿಕೊಳ್ಳಿ. ಆ ಗುಟ್ಟಿನಿಂದ ಯಾರಿಗೆ ಲಾಭ ಎಂದು ಬಿಡಿಸಿ ಹೇಳಬೇಕಿಲ್ಲ.

7. ಆಫರ್ ಲೆಟರ್‌ನಲ್ಲಿ 18 ಲಕ್ಷ ಇದೆ. ಒಪ್ಪಿಕೊಳ್ಳಲೇ?

ಎರಡನೇ ಪುಟದ ಕೋಷ್ಟಕ ನೋಡಿ. ಫಿಕ್ಸೆಡ್ 14, ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ) 2.5, ಜಾಯ್ನಿಂಗ್ ಬೋನಸ್ 1, ಉಳಿದದ್ದು ಗ್ರಾಚ್ಯುಟಿ ಮತ್ತು ವಿಮೆ ಎಂದಿದ್ದರೆ ನಿಮ್ಮ ಸಂಬಳ 14. ವೇರಿಯಬಲ್ ಹಿಂದಿನ ವರ್ಷ ಎಷ್ಟು ಶೇಕಡಾ ಕೊಟ್ಟರು ಎಂದು ಕೇಳಿ. ಜಾಯ್ನಿಂಗ್ ಬೋನಸ್ ಒಂದು ಸಲದ ದುಡ್ಡು. ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂಬ ಷರತ್ತೂ ಸಾಮಾನ್ಯ. ಮುಂದಿನ ಹೈಕ್ ಲೆಕ್ಕ ಹಾಕುವುದು ಫಿಕ್ಸೆಡ್ ಮೇಲೆ. ಚೌಕಾಸಿಯೂ ಅದರ ಮೇಲೆಯೇ ನಡೆಯಲಿ.

8. ಕೇಳಿದರೆ ಆಫರ್ ವಾಪಸ್ ತೆಗೆದುಕೊಂಡರೆ?

ಮರ್ಯಾದೆಯಿಂದ, ಒಂದು ಅಂಕಿ ಇಟ್ಟು, ಒಂದು ಸಲ ಕೇಳಿದ್ದಕ್ಕೆ ಆಫರ್ ರದ್ದಾದದ್ದನ್ನು ನಾನು ನೋಡಿಲ್ಲ. ಒಪ್ಪಿ ಸಹಿ ಹಾಕಿ, ಸೇರುವ ಹಿಂದಿನ ವಾರ ಮತ್ತೆ ಕೇಳಿದವರದ್ದು ರದ್ದಾಗಿದೆ.

9. ‘ನಿಮ್ಮ ಯಜಮಾನರಿಗೂ ಒಳ್ಳೆ ಕೆಲಸ ಇದೆಯಲ್ಲ’ ಎಂದು ಮ್ಯಾನೇಜರ್ ಅಂದರು. ಏನು ಹೇಳಲಿ?

‘ಇದೆ ಸರ್. ನನ್ನ ರೇಟಿಂಗ್ ಬಗ್ಗೆ ಮಾತಾಡೋಣವಾ?’

ಮನೆಯವರೂ ಇದನ್ನೇ ಬೇರೆ ಮಾತಲ್ಲಿ ಹೇಳುತ್ತಾರೆ. ‘ಮನೆಗೆ ಹತ್ತಿರ ಇದೆ, ಆರು ಗಂಟೆಗೆ ಬರ್ತೀಯ, ಸಂಬಳ ಸ್ವಲ್ಪ ಕಡಿಮೆ ಆದರೇನಮ್ಮ’ ಎನ್ನುವ ಅತ್ತೆಗೆ ಸೊಸೆಯ ಮೇಲೆ ಅಕ್ಕರೆಯೇ ಇರಬಹುದು. ಆದರೆ ಆ ‘ಸ್ವಲ್ಪ’ ಎಷ್ಟು ಎಂಬುದನ್ನು ಎರಡನೇ ಪ್ರಶ್ನೆಯ ಲೆಕ್ಕದಂತೆ ಹತ್ತು ವರ್ಷಕ್ಕೆ ಹಾಕಿ, ಆಮೇಲೆ ಇಬ್ಬರೂ ಕೂತು ತೀರ್ಮಾನಿಸಿ. ಹತ್ತಿರದ ಕೆಲಸವೇ ಬೇಕು ಅನಿಸಿದರೆ ಅದೂ ಸರಿ, ಬೆಲೆ ಗೊತ್ತಿದ್ದು ಆರಿಸಿಕೊಂಡ ಹಾಗಾಯಿತು.

10. ಹೆರಿಗೆ ರಜೆ ಮುಗಿಸಿ ಬಂದೆ. ‘ಆರು ತಿಂಗಳು ಇರಲಿಲ್ಲವಲ್ಲ’ ಎಂದು ಕಡಿಮೆ ರೇಟಿಂಗ್ ಕೊಟ್ಟಿದ್ದಾರೆ.

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ವೇತನಸಹಿತ ರಜೆ ಇದೆ. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದಾಗಲಿ, ಸೇವಾ ಷರತ್ತುಗಳನ್ನು ನಿಮಗೆ ನಷ್ಟವಾಗುವಂತೆ ಬದಲಿಸುವುದಾಗಲಿ ಕಾನೂನಿಗೆ ವಿರುದ್ಧ. ರೇಟಿಂಗ್ ಎಂಬುದು ಮಾತ್ರ ನುಣುಚಿಕೊಳ್ಳುವ ಜಾಗ. ರಜೆಗೆ ಹೋಗುವ ಮೊದಲೇ, ಕೆಲಸ ಮಾಡಿದ ತಿಂಗಳುಗಳಿಗೆ ಮಾತ್ರ ಮೌಲ್ಯಮಾಪನ ಎಂದು ಮ್ಯಾನೇಜರ್‌ನಿಂದ ಮೇಲ್‌ನಲ್ಲಿ ಬರೆಸಿಕೊಳ್ಳಿ. ಈಗಾಗಲೇ ಬಂದುಬಿಟ್ಟಿದ್ದರೆ, ಆ ತಿಂಗಳುಗಳ ಕೆಲಸದ ಪಟ್ಟಿ ಇಟ್ಟು ಲಿಖಿತವಾಗಿ ಮರುಪರಿಶೀಲನೆ ಕೇಳಿ.

ಒಂದು ಅಹಿತಕರ ಸಂಗತಿಯನ್ನೂ ಹೇಳಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಉದ್ಯೋಗಿಗಳಿಗೆ ಈ ರಜೆಯ ವೇತನವನ್ನು ಇಎಸ್‌ಐ ನಿಗಮ ಕೊಡುತ್ತದೆ. ಅದರ ಹೊರಗಿನವರಿಗೆ ಪೂರ್ತಿ ಹೊರೆ ಕಂಪನಿಯದು, ಸರ್ಕಾರ ಒಂದು ರೂಪಾಯಿ ಹಂಚಿಕೊಳ್ಳುವುದಿಲ್ಲ. ಸಣ್ಣ ಕಂಪನಿಗಳು ಹೊಸದಾಗಿ ಮದುವೆಯಾದವರನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುವುದು ಇದರಿಂದಲೇ. ಅಪ್ಪನಿಗೂ ಕಡ್ಡಾಯ ರಜೆ ಬಂದು, ಖರ್ಚು ಇಡೀ ಸಮಾಜದ ಮೇಲೆ ಹಂಚಿಹೋಗುವವರೆಗೆ ಈ ಲೆಕ್ಕಾಚಾರ ನಿಲ್ಲದು ಎಂಬುದು ನನ್ನ ಅಭಿಪ್ರಾಯ.

11. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಈ ಚೌಕಾಸಿ ನಮಗೆ ಎಲ್ಲಿ ನಡೆಯುತ್ತದೆ?

ಒಬ್ಬೊಬ್ಬರಾಗಿ ನಡೆಯುವುದಿಲ್ಲ. ಲೈನಿನಲ್ಲಿ ಹೊಲಿಯುವವರು, ಹೆಲ್ಪರ್‌ಗಳು, ಚೆಕ್ಕರ್‌ಗಳು ಬಹುತೇಕ ಹೆಂಗಸರು. ಕಟಿಂಗ್ ಮಾಸ್ಟರ್, ಫ್ಲೋರ್ ಇನ್‌ಚಾರ್ಜ್ ಹೆಚ್ಚಾಗಿ ಗಂಡಸರು. ಹೋಲಿಸಲು ಪಕ್ಕದ ಮೆಷಿನ್‌ನಲ್ಲಿ ಗಂಡಸೇ ಇಲ್ಲದಿದ್ದರೆ ಸಮಾನ ವೇತನದ ಕಾನೂನು ಅಷ್ಟಾಗಿ ನೆರವಿಗೆ ಬರುವುದಿಲ್ಲ. ನೀವು ನೋಡಬೇಕಾದದ್ದು ನಿಮ್ಮ ವರ್ಗ. ಕನಿಷ್ಠ ವೇತನ ನಿಗದಿಯಾಗುವುದು ಅಕುಶಲ, ಅರೆಕುಶಲ, ಕುಶಲ ಎಂಬ ಲೆಕ್ಕದಲ್ಲಿ. ವರ್ಷಗಟ್ಟಲೆ ಕಾಲರ್ ಕೂರಿಸಿದ ಕೈಯನ್ನು ವೇಜ್ ಸ್ಲಿಪ್ಪಿನಲ್ಲಿ ಇನ್ನೂ ಕೆಳಗಿನ ವರ್ಗದಲ್ಲೇ ತೋರಿಸುತ್ತಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ, ಯೂನಿಯನ್ ಮೂಲಕ.

ಒಟ್ಟಾಗಿ ಕೇಳಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2016ರ ಏಪ್ರಿಲ್‌ನಲ್ಲಿ ನೋಡಿತು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಂಗಸರಿಗೆ ಪಿಎಫ್ ಎಂದರೆ ಮಗಳ ಮದುವೆ, ಮಗನ ಫೀಸು, ಕೈಸಾಲ ತೀರಿಸುವ ದುಡ್ಡು. ದೊಡ್ಡ ನಾಯಕರ್‍ಯಾರೂ ಕರೆ ಕೊಡದೆ, 18 ಮತ್ತು 19ರಂದು ಸಾವಿರಾರು ಮಂದಿ ಹೊಸೂರು ರಸ್ತೆ ಮತ್ತಿತರ ಕಡೆ ಬೀದಿಗಿಳಿದರು. 19ರ ಸಂಜೆಯೊಳಗೆ ಕೇಂದ್ರ ನಿಯಮ ಹಿಂತೆಗೆದುಕೊಂಡಿತು.

12. ಹಳ್ಳಿಯಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ. ಅದಕ್ಕೆ ಕಾನೂನಿಲ್ಲವೇ?

ಅದೇ ಕಾನೂನು ಅಲ್ಲಿಗೂ ಅನ್ವಯ, ಕೇಳುವವರಿಲ್ಲ ಅಷ್ಟೇ. ಗಂಡಸು ಗುದ್ದಲಿ ಹಿಡಿಯುತ್ತಾನೆ, ಅದು ಭಾರದ ಕೆಲಸ ಎನ್ನುತ್ತಾರೆ. ದಿನವಿಡೀ ಕೆಸರಿನಲ್ಲಿ ಬಗ್ಗಿ ನಾಟಿ ಹಾಕುವುದು ಹಗುರದ ಕೆಲಸ ಎಂದು ತೀರ್ಮಾನಿಸಿದವರು ಒಂದು ದಿನವಾದರೂ ನಾಟಿ ಹಾಕಿ ನೋಡಲಿ. ಇದಕ್ಕೆ ಒಂದು ಎದುರು ಉದಾಹರಣೆ ನರೇಗಾ: ಅಲ್ಲಿ ಗಂಡು-ಹೆಣ್ಣು ಇಬ್ಬರಿಗೂ ಒಂದೇ ದರ ಇತ್ತು, ಕರ್ನಾಟಕದಲ್ಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ.

13. ಸರ್ಕಾರಿ ನೌಕರಿಯಲ್ಲಿ ಈ ತಲೆನೋವು ಇಲ್ಲ ಅಲ್ಲವೇ?

ವೇತನಶ್ರೇಣಿ ಬಹಿರಂಗ. ಚೌಕಾಸಿ ಇಲ್ಲ, ಗುಟ್ಟಿಲ್ಲ. ಅಷ್ಟರಮಟ್ಟಿಗೆ ಹೌದು. ಆದರೆ ಅಂಗನವಾಡಿ, ಆಶಾ ಕಾರ್ಯಕರ್ತೆಯರನ್ನು ನೆನಪಿಸಿಕೊಳ್ಳಿ. ಎಲ್ಲರೂ ಹೆಂಗಸರು, ಅವರಿಗೆ ಸಿಗುವುದು ಶ್ರೇಣಿಯ ವೇತನವಲ್ಲ, ಗೌರವಧನ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

14. ಕ್ರಿಕೆಟ್‌ನಲ್ಲಿ ಈಗ ಸಮಾನ ವೇತನ ಬಂದಿದೆಯಂತೆ?

ಪಂದ್ಯ ಶುಲ್ಕ ಸಮಾನವಾಗಿದೆ. 2022ರ ಅಕ್ಟೋಬರ್‌ನಲ್ಲಿ ಬಿಸಿಸಿಐ ಘೋಷಿಸಿದಂತೆ ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ, ಇಬ್ಬರಿಗೂ. ಆದರೆ ಹೆಂಗಸರಿಗೆ ಸಿಗುವ ಟೆಸ್ಟ್‌ಗಳೇ ಬೆರಳೆಣಿಕೆ. 2024-25ರ ವಾರ್ಷಿಕ ಗುತ್ತಿಗೆಯಲ್ಲಿ ಗಂಡಸರ ಮೇಲಿನ ಶ್ರೇಣಿಗೆ 7 ಕೋಟಿ ಇದ್ದರೆ ಹೆಂಗಸರ ಮೇಲಿನ ಶ್ರೇಣಿಗೆ 50 ಲಕ್ಷ. ದರ ಒಂದೇ ಮಾಡಿ ಅವಕಾಶ ಕಡಿಮೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಪಾಠ.

15. ವಿದೇಶದಲ್ಲಿರುವ ಕನ್ನಡಿಗರಿಗೆ ಬೇರೆ ನಿಯಮ ಇದೆಯೇ?

ಇದೆ, ಬಳಸಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೆಯ ಸಂಬಳ ಕೇಳುವಂತಿಲ್ಲ. 2023ರಿಂದ 15 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಂಪನಿ ಜಾಹೀರಾತಿನಲ್ಲೇ ಸಂಬಳದ ವ್ಯಾಪ್ತಿ ಹಾಕಬೇಕು. ಎಚ್-1ಬಿ ವೀಸಾ ಅರ್ಜಿಗಳಲ್ಲಿ ಯಾವ ಕಂಪನಿ ಯಾವ ಹುದ್ದೆಗೆ ಎಷ್ಟು ನಮೂದಿಸಿದೆ ಎಂಬುದು ಅಲ್ಲಿನ ಕಾರ್ಮಿಕ ಇಲಾಖೆಯ ಸಾರ್ವಜನಿಕ ದತ್ತಾಂಶ. ಸಂದರ್ಶನಕ್ಕೆ ಮೊದಲು ಹುಡುಕಿ ನೋಡಿ. ಬ್ರಿಟನ್‌ನಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಂಪನಿಗಳು 2017ರಿಂದ ತಮ್ಮಲ್ಲಿನ ಗಂಡು-ಹೆಣ್ಣಿನ ವೇತನದ ಅಂತರವನ್ನು ಪ್ರಕಟಿಸಬೇಕಿದೆ. ವೇತನ ಪಾರದರ್ಶಕತೆ ಕುರಿತ ಐರೋಪ್ಯ ಒಕ್ಕೂಟದ 2023ರ ನಿರ್ದೇಶನವನ್ನು ಸದಸ್ಯ ದೇಶಗಳು ಕಾನೂನಾಗಿ ತರಲು ಕೊಟ್ಟ ಗಡುವು 2026ರ ಜೂನ್ 7. ಅದರಂತೆ ನಿಮ್ಮದೇ ಕೆಲಸ ಮಾಡುವ ಗಂಡಸರ, ಹೆಂಗಸರ ಸರಾಸರಿ ಸಂಬಳ ಕೇಳಿ ತಿಳಿಯುವ ಹಕ್ಕು ಉದ್ಯೋಗಿಗೆ ಸಿಗುತ್ತದೆ.

16. ಅಂತರ ಇರುವುದು ಖಚಿತವಾಯಿತು. ದೂರು ಎಲ್ಲಿ ಕೊಡಬೇಕು?

ಮೊದಲು ಕಂಪನಿಗೆ, ಲಿಖಿತವಾಗಿ: ಹುದ್ದೆ, ಕೆಲಸದ ವಿವರ, ವ್ಯತ್ಯಾಸದ ಮೊತ್ತ. ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿ. ವೇತನ ಸಂಹಿತೆಯಂತೆ ಬಾಕಿಯ ದಾವೆಗೆ ಮೂರು ವರ್ಷದ ಅವಧಿ ಇದೆ, ನಿಮ್ಮ ಪರವಾಗಿ ನೋಂದಾಯಿತ ಯೂನಿಯನ್ ಕೂಡ ಅರ್ಜಿ ಹಾಕಬಹುದು. ಐಟಿಯವರಿಗೆ ಕರ್ನಾಟಕದಲ್ಲಿ ಕೆಐಟಿಯು ಎಂಬ ಯೂನಿಯನ್ ಇದೆ. ಪೇಸ್ಲಿಪ್, ಅಪ್ರೈಸಲ್ ಪತ್ರಗಳನ್ನು ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಟ್ಟುಕೊಂಡಿರಬೇಡಿ. ಜಗಳ ಶುರುವಾದ ದಿನವೇ ಲಾಗಿನ್ ಮುಚ್ಚಬಹುದು.

17. ನಾನು ತಂಡದ ಮ್ಯಾನೇಜರ್, ಗಂಡಸು. ನನ್ನ ಕೈಲಿ ಏನಿದೆ?

ನೀವಂದುಕೊಂಡದ್ದಕ್ಕಿಂತ ಹೆಚ್ಚು. ನಿಮ್ಮ ತಂಡದ ಸಂಬಳದ ಶೀಟನ್ನು ಹುದ್ದೆ ಮತ್ತು ಅನುಭವದ ಪ್ರಕಾರ ಜೋಡಿಸಿ, ಬ್ಯಾಂಡಿನ ಮಧ್ಯಕ್ಕಿಂತ ಯಾರು ಎಷ್ಟು ಕೆಳಗಿದ್ದಾರೆ ನೋಡಿ. ಸರಿಪಡಿಸುವ ಹಣವನ್ನು ಅಪ್ರೈಸಲ್ ಹಣದಿಂದ ಬೇರೆಯಾಗಿ ಕೇಳಿ. ಶೇ 10 ಹೈಕ್‌ನಲ್ಲಿ ಹತ್ತು ವರ್ಷದ ಕೊರತೆ ತುಂಬುವುದಿಲ್ಲ. ಏಪ್ರಿಲ್‌ನಲ್ಲಿ ಹೈಕ್ ಕೊಡುವ ಕಂಪನಿಯಾದರೆ ಜನವರಿಯಲ್ಲೇ ಹೆಸರು ಸಮೇತ ಪಟ್ಟಿ ಕೊಡಿ. ಮಾರ್ಚ್‌ನಲ್ಲಿ ಕೊಟ್ಟರೆ ಹಣಕಾಸು ವಿಭಾಗದವರು ‘ಮುಂದಿನ ವರ್ಷ ನೋಡೋಣ’ ಅನ್ನುತ್ತಾರೆ.